ವಸ್ತಿ ಬಸ್ಸಿನವರ ಜತೆ ಮಾತಾಡುವವರು ಯಾರು?

ನಮ್ಮೂರಿನ ವಸ್ತಿ ಬಸ್ಸು ರಾತ್ರಿ ಎಂಟೂವರೆಗೆ ಬಂದು ಶಾಲೆಯ ಎದುರು ನಿಲ್ಲುತ್ತದೆ. ಡ್ರೈವರ್, ಕಂಡಕ್ಟರ್ ಇಬ್ಬರೂ ಬಸ್ಸಿನಲ್ಲೇ ಮಲಗುತ್ತಾರೆ. ಮಳೆಗಾಲದಲ್ಲಿ ನೀರು ಜಿನುಗದ ಸೀಟು ಹುಡುಕಿ ಕಂಬಳಿ ಹಾಸಿಕೊಳ್ಳುತ್ತಾರೆ, ಟಿಕೆಟ್ ಹಣದ ಚೀಲವೇ ತಲೆದಿಂಬು. ಬೆಳಿಗ್ಗೆ ಆರೂಕಾಲಿಗೆ ಮತ್ತೆ ಶಿರಸಿಗೆ ಹೊರಡಬೇಕು. ಆ ಬಸ್ಸು ಇಲ್ಲದಿದ್ದರೆ ನಾನು ಕಾಲೇಜಿನ ಮುಖ ನೋಡುತ್ತಿರಲಿಲ್ಲ. ಹಾಗಾಗಿ ಸಾರಿಗೆ ಮುಷ್ಕರ ಅಂದಕೂಡಲೇ "ತಿಂಗಳಾದರೆ ಸಂಬಳ ಬರುತ್ತದಲ್ಲ, ಇವರಿಗೇನು ಕಷ್ಟ" ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

2021ರ ಏಪ್ರಿಲ್ 7ರಿಂದ ಎರಡು ವಾರ ನಡೆದ ಮುಷ್ಕರ ನೆನಪಿದೆಯಲ್ಲ? ಸರ್ಕಾರಿ ನೌಕರರಂತೆ ನಮಗೂ ಆರನೇ ವೇತನ ಆಯೋಗದ ಸಂಬಳ ಕೊಡಿ ಎಂದು ಸಾರಿಗೆ ನೌಕರರು, ಶೇ 8ರಷ್ಟು ಹೆಚ್ಚಿಸುತ್ತೇವೆ ಎಂದು ಸರ್ಕಾರ. ಆದರೆ ಸಂಬಳಕ್ಕಿಂತ ದೊಡ್ಡ ತಕರಾರಾಗಿದ್ದು ಯಾರ ಜತೆ ಮಾತಾಡಬೇಕು ಎಂಬುದು. ಮುಂದೆ ನಿಂತಿದ್ದವರು ರೈತ ಮುಖಂಡ ಕೋಡಿಹಳ್ಳಿ ಚಂದ್ರಶೇಖರ್. ಅವರಿಗೂ ಸಾರಿಗೆಗೂ ಏನು ಸಂಬಂಧ ಎಂದು ಸರ್ಕಾರದವರು ಕೇಳಿದರು. ನೌಕರರ ಪರವಾಗಿ ಯಾರು ಬರಬೇಕು ಅಂತ ಎದುರು ಕೂರುವವರೇ ತೀರ್ಮಾನಿಸಿದರೆ ಅದು ಮಾತುಕತೆ ಹೇಗಾಗುತ್ತದೆ?

ನಮ್ಮ ಭಾವ ಡ್ರೈವರ್. ಮುಂದಾಳು ಅಲ್ಲ, ಭಾಷಣ ಮಾಡಿದವರಲ್ಲ, ಮುಷ್ಕರದಲ್ಲಿ ಎಲ್ಲರ ಜತೆ ಮನೆಯಲ್ಲಿ ಕೂತವರು ಅಷ್ಟೇ. ವರ್ಗಾವಣೆಯ ಕಾಗದ ಬಂತು. ಎಂಟು ತಿಂಗಳು ಅಕ್ಕ, ಮಕ್ಕಳು ಇಲ್ಲಿ, ಅವರು ಅಲ್ಲಿ. "ನಾವು ಕೇಳಿದ್ದಕ್ಕೆ ಇಲ್ಲ ಅಂದಿದ್ದರೂ ಇಷ್ಟು ಬೇಜಾರಾಗ್ತಿರಲಿಲ್ಲ ಮಾರಾಯ, ಕೇಳಿದ್ದೇ ತಪ್ಪು ಅಂದ್ರಲ್ಲ" ಅಂದಿದ್ದರು.

ಸಂಘ ಕಟ್ಟುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿದೆ. ಮುಷ್ಕರದ ಹಕ್ಕು ಅದರಲ್ಲಿಲ್ಲ. ತಮಿಳುನಾಡಿನಲ್ಲಿ ಮುಷ್ಕರ ಹೂಡಿದ ಲಕ್ಷಕ್ಕೂ ಹೆಚ್ಚು ನೌಕರರನ್ನು ವಜಾ ಮಾಡಿದ ಪ್ರಕರಣದಲ್ಲಿ, ಸರ್ಕಾರಿ ನೌಕರರಿಗೆ ಮುಷ್ಕರದ ನೈತಿಕ ಹಕ್ಕೂ ಇಲ್ಲ ಎಂದು 2003ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇದರ ಮೇಲೆ ಎಸ್ಮಾ, ಅಂದರೆ ಅಗತ್ಯ ಸೇವೆಗಳಲ್ಲಿ ಮುಷ್ಕರ ನಿಷೇಧಿಸುವ ಕಾಯ್ದೆ. ಸಂಘ ಇರಲಿ, ಅದು ಬಾಯಿ ಮಾತ್ರ ತೆರೆಯಬಾರದು ಎಂದಂತಾಯಿತು.

ಪಕ್ಷ ಬದಲಾದರೂ ಇದು ಬದಲಾಗಲಿಲ್ಲ. 2020ರ ಜನವರಿಯಿಂದ ಆಗಬೇಕಿದ್ದ ವೇತನ ಪರಿಷ್ಕರಣೆ ಆದದ್ದು 2023ರ ಮಾರ್ಚಿನಲ್ಲಿ. ನಡುವಿನ 38 ತಿಂಗಳ ಬಾಕಿ ಕೇಳಿದರೆ 14 ತಿಂಗಳದ್ದು ಮಾತ್ರ ಕೊಡುತ್ತೇವೆ ಎಂದರು. 2025ರ ಆಗಸ್ಟ್ 5ರಂದು ಮತ್ತೆ ಬಸ್ಸು ನಿಂತಿತು, ಎಸ್ಮಾ ಹೇರಿದರು, ಮುಷ್ಕರ ನಿಲ್ಲಿಸಿ ಎಂದು ಹೈಕೋರ್ಟ್ ಹೇಳಿದ ಮೇಲೆ ಅದೇ ದಿನ ಮುಗಿಯಿತು.

ಆ ದಿನ ಪಕ್ಕದ ಮನೆಯ ಅಜ್ಜಿಯನ್ನು ಮಣಿಪಾಲಕ್ಕೆ ಕರೆದೊಯ್ಯಬೇಕಿತ್ತು. ದೊಡ್ಡ ಕಾಯಿಲೆ ಬಂದರೆ ಜಿಲ್ಲೆ ದಾಟಿ ಹೋಗಬೇಕಾದ ನಮ್ಮ ಉತ್ತರ ಕನ್ನಡದವರ ಪಾಡು ಗೊತ್ತೇ ಇದೆ. ಸಾಲ ಮಾಡಿ ಬಾಡಿಗೆ ಕಾರು ಹಿಡಿದರು. ಅವರ ಮಗನ ಎದುರು ಮುಷ್ಕರ ಸರಿ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಬಸ್ಸು ನಿಲ್ಲುವುದು ನನಗೂ ಬೇಡ. ಆದರೆ 38 ತಿಂಗಳು ಯಾರೂ ಕೂತು ಮಾತಾಡದಿದ್ದಾಗ ಆ ಅಜ್ಜಿಯ ನೆನಪು ಯಾರಿಗೂ ಆಗಲಿಲ್ಲವಲ್ಲ?

ಅಗತ್ಯ ಸೇವೆ ಎಂದು ಮುಷ್ಕರ ನಿಷೇಧಿಸುತ್ತೀರಾ, ನಿಷೇಧಿಸಿ. ಹಾಗಾದರೆ ಎಸ್ಮಾ ಆದೇಶದ ಅದೇ ಕಾಗದದಲ್ಲಿ ಮಾತುಕತೆಯ ದಿನಾಂಕ, ಒಪ್ಪಂದ ಆಗದಿದ್ದರೆ ತೀರ್ಪು ಕೊಡುವವರು ಯಾರು, ಎಷ್ಟು ದಿನದೊಳಗೆ ಎಂಬುದನ್ನೂ ಬರೆಯಿರಿ. ನಾಲ್ಕು ವರ್ಷಕ್ಕೊಮ್ಮೆ ಸಂಬಳ ಪರಿಷ್ಕರಿಸುವುದು ರೂಢಿ. ಮುಂದಿನ ಸಲ ಆ ದಿನಕ್ಕೆ ಆರು ತಿಂಗಳು ಮೊದಲೇ ಕರೆದು ಕೂರಿಸಿ.