ಹ್ಯಾಂಬರ್ಗ್‌ನ ಪುಟ್ಟ ವಿಮಾನಗಳ ಹಾರಾಟ: ಒಂದು ಸ್ಪಷ್ಟನೆ
ಜರ್ಮನಿಯ ಹ್ಯಾಂಬರ್ಗ್‌ನಲ್ಲಿರುವ ಮಿನಿಯಾಟೂರ್ ವುಂಡರ್‌ಲ್ಯಾಂಡ್ ಎಂಬ ಮಾದರಿ ರೈಲು ಪ್ರದರ್ಶನದಲ್ಲಿ ಪುಟ್ಟ ವಿಮಾನಗಳು ತಮ್ಮದೇ ಎಂಜಿನ್ ಬಲದಿಂದ ಗಾಳಿಯಲ್ಲಿ ಹಾರುತ್ತವೆ ಎಂಬ ಒಕ್ಕಣೆಯೊಂದಿಗೆ ಕೆಲವು ವಿಡಿಯೊಗಳು ಹರಿದಾಡುತ್ತಿವೆ. ಇದು ನಿಜವಲ್ಲ. 2011ರ ಮೇ ತಿಂಗಳಲ್ಲಿ ತೆರೆದ, 1:87 ಅಳತೆಯ ಅಲ್ಲಿನ ಮಾದರಿ ವಿಮಾನ ನಿಲ್ದಾಣದ ರನ್‌ವೇಯಲ್ಲಿ ಉದ್ದನೆಯ ಸೀಳುಗಳಿದ್ದು, ಅವುಗಳ ಮೂಲಕ ಮೇಲೇಳುವ ತೆಳುವಾದ ಸರಳುಗಳೇ ವಿಮಾನವನ್ನು ಎತ್ತಿ ಹಿಡಿದು ಮುಂದಕ್ಕೆ ಸಾಗಿಸುತ್ತವೆ. ಮೇಲೇರಿದ ವಿಮಾನವು ಆಗಸದಂತೆ ಬಣ್ಣ ಬಳಿದ ಗೋಡೆಯ ಹಿಂದೆ ಮರೆಯಾಗುತ್ತದೆ. ಸರಳುಗಳು ವಿಡಿಯೊದಲ್ಲಿ ಎದ್ದು ಕಾಣದಿರುವುದೇ ತಪ್ಪು ತಿಳಿವಳಿಕೆಗೆ ಕಾರಣವಾಗಿರಬೇಕು. ಇದು ಹ್ಯಾಂಬರ್ಗ್ ವಿಮಾನ ನಿಲ್ದಾಣದ ಯಥಾಪ್ರತಿ ಎಂಬ ಮಾತೂ ಪೂರ್ತಿ ಸರಿಯಲ್ಲ: ಕಟ್ಟಡಗಳಿಗೆ ಅದು ಮಾದರಿಯಾದರೂ, ನಿಲ್ದಾಣ ಸೇರಿರುವುದು ಕ್ನುಫಿಂಗೆನ್ ಎಂಬ ಕಾಲ್ಪನಿಕ ಊರಿಗೆ. ಸುಮಾರು ಆರು ವರ್ಷ ದುಡಿದು ಇದನ್ನು ಕಟ್ಟಿದವರ ಯಂತ್ರಕೌಶಲ ಇರುವಂತೆಯೇ ಹೇಳಿದರೂ ಅದ್ಭುತವಾಗಿದೆ.