ರಕ್ತ ಬಂದರೆ ಬರೀ ಉಷ್ಣ ಅಲ್ಲ

"ಸಂಡಾಸಿಗೆ ಹೋದಾಗ ರಕ್ತ ಬಂದರೆ ಅದು ಉಷ್ಣ, ಇಲ್ಲಾ ಮೂಲವ್ಯಾಧಿ. 7 ದಿನ ಮಜ್ಜಿಗೆ ಕುಡಿಯಿರಿ, ಡಾಕ್ಟರ್ ಬೇಡ" ಅನ್ನುವ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ.

ರಾಯಚೂರಿನ ಬಿಸಿಲಲ್ಲಿ ಎಲ್ಲದಕ್ಕೂ ಉಷ್ಣ ಅನ್ನುವುದು ನಮಗೆ ರೂಢಿ, ಅಲ್ವಾ? ಮೂಲವ್ಯಾಧಿಯೇ ಜಾಸ್ತಿ ಅನ್ನುವುದೂ ನಿಜ. ಆದರೆ ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲೂ ಹೀಗೇ ರಕ್ತ ಬರುತ್ತದೆ. ಕರುಳಿನ ಒಳಗೋಡೆಯಲ್ಲಿ ಅಣಬೆ ಥರದ ಸಣ್ಣ ಗಂಟು, ಅಂದರೆ ಪಾಲಿಪ್, ಸುಮಾರು 10 ವರ್ಷ ಸದ್ದಿಲ್ಲದೆ ಬೆಳೆದು ಕ್ಯಾನ್ಸರ್ ಆಗಬಹುದು. ಕೊಲೊನೋಸ್ಕೋಪಿಯಲ್ಲಿ ಕ್ಯಾಮೆರಾ ಇರುವ ಕೊಳವೆ ಬಿಟ್ಟು ನೋಡುವಾಗಲೇ ಅದನ್ನು ತಂತಿಯ ಕುಣಿಕೆ ಹಾಕಿ ಕತ್ತರಿಸಿ ತೆಗೆಯುತ್ತಾರೆ. ಕ್ಯಾನ್ಸರ್ ಆಗಿದ್ದರೂ ಬೇಗ ಸಿಕ್ಕರೆ ಆಪರೇಷನ್ ಒಂದರಲ್ಲೇ ಗುಣವಾಗುವವರು ಬಹಳ ಜನ.

45 ದಾಟಿದವರು, ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಬಂದಿದ್ದವರು, ತೂಕ ಇಳಿಯುತ್ತಿರುವವರು ಸುಮ್ನೆ ಕಾಯಬೇಡಿ. ಮಜ್ಜಿಗೆ ಕುಡಿಯಿರಿ, ಆದರೆ ಇದೇ ವಾರ ಡಾಕ್ಟರಿಗೂ ತೋರಿಸಿ.