ಹಿತ್ತಲ ಮೀನು

ಲಿಸ್ಬನ್ನಿನ ಮಗಳ ಮನೆಗೆ ಹೊರಡುವ ಮುನ್ನ ನಾನು ಕಲಿತ ಪೋರ್ಚುಗೀಸ್ ಎಂದರೆ ಒಂದೇ ಮಾತು: 'ಸೋ ವೆಜೆತಾರಿಯಾನ'. ನಾನು ಸಸ್ಯಾಹಾರಿ. ಹೇಳುವವರು ಗಂಡಸಾದರೆ ಕೊನೆಗೆ 'ನು', ಹೆಂಗಸಾದರೆ 'ನ'. ಧಾರವಾಡದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಬಾಯಿಪಾಠ ಮಾಡಿದೆ. ಹೊಟ್ಟೆ ತುಂಬಲು ಇಷ್ಟು ವ್ಯಾಕರಣ ಸಾಕು ಅಂದುಕೊಂಡಿದ್ದೆ.

ಅಲ್ಲಿ 'ತಾಶ್ಕ' ಅಂತ ಸಣ್ಣ ಊಟದ ಮನೆಗಳಿವೆ. ನಮ್ಮ ಖಾನಾವಳಿಯ ಹಾಗೆ. ಮೊದಲ ದಿನವೇ ಒಂದರಲ್ಲಿ ಕೂತು ನನ್ನ ಪಾಠ ಒಪ್ಪಿಸಿದೆ. ಬಡಿಸುವ ಅಜ್ಜ ಪ್ರೀತಿಯಿಂದ ತಲೆಯಾಡಿಸಿ 'ಕಾಲ್ದು ವೆರ್ದ್' ತಂದಿಟ್ಟ. ಬಟಾಟಿ ಬೇಯಿಸಿ ಅರೆದು, ಕೋಸಿನ ಜಾತಿಯ ಸೊಪ್ಪನ್ನು ಎಳೆ ಎಳೆಯಾಗಿ ಹೆಚ್ಚಿ ಹಾಕಿದ ಹಸಿರು ಸಾರು. ನಡುವೆ ಕೆಂಪನೆಯ ಒಂದು ಬಿಲ್ಲೆ ತೇಲುತ್ತಿತ್ತು. ಗಜ್ಜರಿ ಅಂದುಕೊಂಡು ಚಮಚ ಹಾಕಿದೆ.

"ಅವ್ವಾ, ತಡಿ. ಅದು ಗಜ್ಜರಿ ಅಲ್ಲ."

ಅದು ಶೋರಿಸು, ಹಂದಿಮಾಂಸದ ಸಾಸೇಜು. ಅಜ್ಜನ ಮುಖದಲ್ಲಿ ಮೋಸದ ನೆರಳೂ ಇರಲಿಲ್ಲ. ಸಾರು ಸೊಪ್ಪಿನದೇ ತಾನೇ? ಬಿಲ್ಲೆ ಬರೇ ಘಮಕ್ಕೆ, ನಮ್ಮ ಒಗ್ಗರಣೆಯ ಹಾಗೆ. 'ಖಾರ ಏನೂ ಇಲ್ರೀ' ಅಂತ ನಾವೇ ಬೆಂಗಳೂರಿನ ನೆಂಟರಿಗೆ ಕೆಂಪು ಚಟ್ನಿ ಬಡಿಸಿ ಕಣ್ಣೀರು ಹಾಕಿಸಿಲ್ಲವೇ? ನಾವೂ ಸುಳ್ಳು ಹೇಳಿದ್ದಲ್ಲ.

ಮಾಂಸಕ್ಕೆ ಅವರ ಮಾತು 'ಕಾರ್ನ್'. ಅದು ಬೇಡ ಅಂದರೆ ಎಷ್ಟೋ ಜನರ ಕಿವಿಗೆ ದನದ್ದು, ಹಂದಿಯದ್ದು ಬೇಡ ಅಂತಷ್ಟೇ ಕೇಳುತ್ತದೆ. ಕೋಳಿಗೆ ಬೇರೆ ಹೆಸರು, ಮೀನಿಗಂತೂ ಬೇರೆಯೇ ಲೋಕ. ಹೀಗಾಗಿ ನನ್ನ ವಾಕ್ಯ ದಿನಕ್ಕೊಂದು ಬಾಲ ಬೆಳೆಸಿತು. ಮಾಂಸ ತಿನ್ನಂಗಿಲ್ಲ, ಮೀನು ತಿನ್ನಂಗಿಲ್ಲ, ಕೋಳಿ ಇಲ್ಲ, ಶೋರಿಸು ಇಲ್ಲ, ಬಕಲ್ಯಾವು ಇಲ್ಲ. ಈ ಬಕಲ್ಯಾವು ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ವರ್ಷದ ದಿನಕ್ಕೊಂದರಂತೆ 365 ಬಗೆಯಲ್ಲಿ ಮಾಡುತ್ತೇವೆ ಅಂತ ಅವರ ಹೆಮ್ಮೆ. ವಾರ ಕಳೆಯುವಷ್ಟರಲ್ಲಿ ನನ್ನದು ಸಹಸ್ರನಾಮವಾಯಿತು.

ನನ್ನಂಥವರಿಗೆ ಅಲ್ಲಿ ಕಾನೂನಿನ ಬೆಂಬಲವೂ ಇದೆ, ಹಗುರವಾಗಿ ನೋಡಬೇಡಿ. ಶಾಲೆ, ಆಸ್ಪತ್ರೆಗಳಂಥ ಸರಕಾರಿ ಕ್ಯಾಂಟೀನುಗಳಲ್ಲಿ ಸಸ್ಯಾಹಾರದ ಒಂದು ಊಟ ಇರಲೇಬೇಕೆಂದು 2017ರಲ್ಲೇ ಕಾಯ್ದೆ ಮಾಡಿದ್ದಾರೆ. ಆದರೆ ತಾಶ್ಕದ ಅಜ್ಜ ಕ್ಯಾಂಟೀನಲ್ಲ.

ಭಾಷೆ ಮಾತ್ರ ನಡುನಡುವೆ ನೆಂಟರ ಹಾಗೆ ಕಣ್ಣು ಹೊಡೆಯುತ್ತಿತ್ತು. ಬಟಾಟಿ ಅಲ್ಲೂ 'ಬತಾತ', ನಮ್ಮ ಚಾವಿ ಅವರ 'ಶಾವ್', ಪಾವ್ ಅವರ 'ಪಾಂವ್'. ಇದನ್ನು ಮೂಗಿನಲ್ಲೇ ಹೇಳಬೇಕು, ಇಲ್ಲದಿದ್ದರೆ ಕೋಲು ಕೇಳಿದಂತಾಗುತ್ತದೆ. ಬಿಲ್ಲು ಕೊಡುವಾಗ 'ಪಗಾರ್' ಅಂದರು. ಅವರಲ್ಲಿ ಅದು ಹಣ ಕೊಡುವುದು. ನನಗೆ ಯಾರೋ ಸಂಬಳ ಎಣಿಸಿ ಕೊಡುತ್ತಿದ್ದಾರೇನೋ ಅನಿಸಿತು! ಇನ್ನು ಕೊತ್ತಂಬರಿ. ಅಲೆಂತೆಜು ಸೀಮೆಯವರು ಬೆಳ್ಳುಳ್ಳಿ, ಕೊತ್ತಂಬರಿ ಜಜ್ಜಿ, ಆಲಿವ್ ಎಣ್ಣೆ, ಬಿಸಿನೀರು ಬೆರೆಸಿ ಹಳೆಯ ಬ್ರೆಡ್ಡು ನೆನೆಸುತ್ತಾರೆ; ಅದೇ 'ಅಸೋರ್ದ'. ತಂಗಳು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಉಂಡ ನಮಗೆ ಅದನ್ನು ಯಾರೂ ಕಲಿಸಬೇಕಿಲ್ಲ. ಮೇಲೊಂದು ತತ್ತಿ ಕೂಡಿಸುತ್ತಾರೆ. ನಾನು ಬೇಡ ಅಂದೆ.

ಹೊರಡುವ ಹಿಂದಿನ ದಿನ ಮತ್ತೆ ಅದೇ ತಾಶ್ಕ. ಅಜ್ಜ ಈ ಸಲ 'ಪೈಶೀನ್ಯುಶ್' ಅಂದ. ಪೈಶ್ ಅಂದರೆ ಮೀನು, ಇದು ಮರಿಮೀನು. ಅಷ್ಟು ಗೊತ್ತಾಗುವಷ್ಟು ಪಂಡಿತಳಾಗಿದ್ದೆ. ಎರಡೂ ಕೈ ಆಡಿಸಿದೆ. ಆತ ನಗುತ್ತ ಒಳಗೆ ಹೋಗಿ ಒಂದು ತಟ್ಟೆ ತಂದ, ಒಂದನ್ನು ಮುರಿದು ತೋರಿಸಿದ. ಒಳಗೆ ಹಸಿರು ಬೀನ್ಸು! ಪೂರ್ತಿ ಹೆಸರು 'ಪೈಶೀನ್ಯುಶ್ ದ ಓರ್ತ', ಹಿತ್ತಲಿನ ಮರಿಮೀನು. ಜಪಾನಿನ ತೆಂಪುರಕ್ಕೆ ಇದೇ ಮೂಲ ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅದು ಬೀನ್ಸ್ ಭಜಿ. ಸೊಪ್ಪಿನ ಸಾರಿನೊಳಗೆ ಹಂದಿ, ಮೀನಿನೊಳಗೆ ಕಾಯಿಪಲ್ಲೆ! ಬಿಸಿಬಿಸಿಯಾಗಿ ಏಳೆಂಟು ಹೋದವು.

"ಅವ್ವಾ, ಹಿಟ್ಟಿನಾಗ ತತ್ತಿ ಹಾಕಿರ್ತಾರ."

ತಟ್ಟೆಯಲ್ಲಿ ಇನ್ನೂ ಎರಡು ಉಳಿದಿದ್ದವು.

"ಇವೆರಡೂ ಮುಗದ ಮ್ಯಾಲೆ ಹೇಳಾಕ ಬರ್ತಿರ್ಲಿಲ್ಲೇನ?"